ನಿಯಮದಲ್ಲಿ ಕಾಣದ ತಾರತಮ್ಯ: ಕೆನಡಾದ ವಲಸಿಗರ ಅನುಭವ

‘ಜನಾಂಗೀಯ ತಾರತಮ್ಯ ಎಂದರೇನು?’ ಎಂಬ ಪರೀಕ್ಷೆಯ ಪ್ರಶ್ನೆಗೆ ಬಣ್ಣ ನೋಡಿ ಹೀಯಾಳಿಸುವುದು ಎಂದಷ್ಟೇ ಬರೆದರೆ ಉತ್ತರ ಅರ್ಧಕ್ಕೆ ನಿಲ್ಲುತ್ತದೆ. ಈ ಪಾಠದಲ್ಲಿ ನಿಜಕ್ಕೂ ಅರ್ಥ ಮಾಡಿಕೊಳ್ಳಬೇಕಾದದ್ದು ಪರೋಕ್ಷ ತಾರತಮ್ಯ: ನಿಯಮದಲ್ಲಿ ಜನಾಂಗದ ಸುದ್ದಿಯೇ ಇರುವುದಿಲ್ಲ, ಪೆಟ್ಟು ಮಾತ್ರ ಕೆಲವರಿಗೇ ಬೀಳುತ್ತದೆ.

ನೇರ ತಾರತಮ್ಯವನ್ನು ಗುರುತಿಸುವುದು ಸುಲಭ. 1885ರಲ್ಲಿ ಕೆನಡಾ ಚೀನೀ ವಲಸಿಗರ ಮೇಲೆ 50 ಡಾಲರ್ ತಲೆಗಂದಾಯ ಹೇರಿತು. 1903ರಲ್ಲಿ ಅದು 500 ಡಾಲರ್ ಆಯಿತು.

ಭಾರತೀಯರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾಗಿದ್ದರಿಂದ ಅವರನ್ನು ಹೆಸರು ಹಿಡಿದು ತಡೆಯುವುದು ಕಷ್ಟವಿತ್ತು. ಅದಕ್ಕೇ 1908ರಲ್ಲಿ ‘ನಿರಂತರ ಪ್ರಯಾಣ’ದ ನಿಯಮ ಬಂತು: ಸ್ವದೇಶದಿಂದ ಒಂದೇ ಟಿಕೆಟ್ಟಿನಲ್ಲಿ, ನಡುವೆ ಎಲ್ಲೂ ಪ್ರಯಾಣ ಮುರಿಯದೆ ಬಂದವರಿಗೆ ಮಾತ್ರ ಪ್ರವೇಶ. ಆದರೆ ಭಾರತದಿಂದ ಹಾಗೆ ನೇರವಾಗಿ ಹೋಗಲು ಹಡಗೇ ಇರಲಿಲ್ಲ! 1914ರ ಮೇ 23ರಂದು ಕೊಮಾಗಾಟ ಮಾರು ಹಡಗು 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ತಲುಪಿತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಹಡಗು ಹಾಂಗ್‌ಕಾಂಗಿನಿಂದ ಹೊರಟಿತ್ತು ಎಂಬುದೇ ಒಂದು ತಪ್ಪಾಯಿತು. ಎರಡು ತಿಂಗಳು ದಡ ಕಣ್ಣೆದುರೇ ಇದ್ದರೂ ಇಳಿಯುವಂತಿಲ್ಲ, ಅನ್ನ ನೀರಿಗೂ ಪರದಾಟ. ಕೊನೆಗೆ ಇಳಿಯಲು ಬಿಟ್ಟದ್ದು 24 ಜನರನ್ನು. ವಾಪಸಾದವರಲ್ಲಿ ಹಲವರು ಕಲ್ಕತ್ತದ ಹತ್ತಿರದ ಬಜ್‌ಬಜ್‌ನಲ್ಲಿ ಗುಂಡೇಟಿಗೆ ಬಲಿಯಾದರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ.

1967ರ ಅಂಕ ಪದ್ಧತಿ ಓದು, ಕಸುಬು, ಭಾಷೆ ನೋಡಿ ವಲಸಿಗರನ್ನು ಆರಿಸತೊಡಗಿತು. ದೊಡ್ಡ ಬದಲಾವಣೆಯೇ ಸರಿ. ಆದರೆ ದೇಶದೊಳಗೆ ಕಾಲಿಟ್ಟ ಮೇಲೆ ಇನ್ನೊಂದು ತಡೆ ಎದುರಾಯಿತು: ‘ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಇದೆಯಾ?’ ಹತ್ತು ವರ್ಷದ ಅನುಭವಕ್ಕೆ ಅಂಕ ಕೊಟ್ಟು ಕರೆಸಿಕೊಂಡ ದೇಶದಲ್ಲೇ ಆ ಅನುಭವಕ್ಕೆ ಬೆಲೆಯಿಲ್ಲ. ಕೆಲಸ ಸಿಗದೆ ಅಲ್ಲಿನ ಅನುಭವ ಬರುವುದಿಲ್ಲ, ಅನುಭವವಿಲ್ಲದೆ ಕೆಲಸ ಸಿಗುವುದಿಲ್ಲ. ಸಂಬಳದ ಚೀಟಿ ಇಲ್ಲದವರಿಗೆ ಬಾಡಿಗೆ ಮನೆಯೂ ಕಷ್ಟ. ಎಂಜಿನಿಯರ್ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ, ಡಾಕ್ಟರ್ ಟ್ಯಾಕ್ಸಿ ಓಡಿಸುತ್ತಾನೆ.

‘ಇದು ಕೌಶಲದ ಪ್ರಶ್ನೆ, ಜನಾಂಗದ್ದಲ್ಲ’ ಎಂದು ವಾದಿಸುವವರಿಗೆ ಟೊರೊಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಓರಿಯೋಪೌಲೋಸ್ ಅವರ ಪ್ರಯೋಗವನ್ನು ತೋರಿಸಿ. ಅವರು ಉದ್ಯೋಗದಾತರಿಗೆ ಸಾವಿರಾರು ಕಾಲ್ಪನಿಕ ರೆಸ್ಯೂಮೆ ಕಳಿಸಿದರು. ಪದವಿ, ಅನುಭವ ಎರಡೂ ಕೆನಡಾದವೇ ಆಗಿದ್ದರೂ ಭಾರತೀಯ, ಚೀನೀ, ಪಾಕಿಸ್ತಾನಿ ಹೆಸರುಗಳಿಗಿಂತ ಇಂಗ್ಲಿಷ್ ಹೆಸರುಗಳಿಗೇ ಹೆಚ್ಚು ಕರೆ ಬಂದವು. ಉಳಿದದ್ದೆಲ್ಲ ಸಮವಿದ್ದು ಹೆಸರೊಂದೇ ಬೇರೆ, ಈ ಅಂಶವನ್ನು ಉತ್ತರದಲ್ಲಿ ಬಿಡಬೇಡಿ.

ಕೆನಡಾದ ಅನುಭವ ಬೇಕೇ ಬೇಕು ಎನ್ನುವುದು ಮೇಲ್ನೋಟಕ್ಕೇ ತಾರತಮ್ಯ, ಅಂದರೆ ತಕ್ಕ ಸಮರ್ಥನೆ ಕೊಡದ ಹೊರತು ತಾರತಮ್ಯವೇ, ಎಂದು ಟೊರೊಂಟೊ ಇರುವ ಒಂಟಾರಿಯೊ ಪ್ರಾಂತದ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಹೇಳಿತು. ಉದ್ಯೋಗ ಜಾಹೀರಾತುಗಳಲ್ಲಿ ಅದನ್ನು ಕೇಳಬಾರದೆಂದು ಒಂಟಾರಿಯೊ 2024ರಲ್ಲಿ ಕಾನೂನನ್ನೂ ಮಾಡಿತು. ಹೆಸರು ನೋಡಿ ರೆಸ್ಯೂಮೆ ಪಕ್ಕಕ್ಕಿಡುವುದು ಮಾತ್ರ ಜಾಹೀರಾತಿನ ನಿಯಮದ ಕೈಗೆ ಸಿಗುವಂಥದ್ದಲ್ಲ.