ಡಿಬಿ ತುಂಬಿದೆ, ಹೊಸ ಗೀಸರ್ ಲೈನ್ ಎಲ್ಲಿಂದ ಕೊಡೋದು?

ಮಹಡಿ ಮೇಲಿನ ಬಾತ್‌ರೂಮಿಗೆ 2 ಕಿಲೋವ್ಯಾಟ್ ಗೀಸರ್ ಬಂದಿದೆ. ಕೆಳಗೆ ಹಾಲ್‌ನಲ್ಲಿ 8 ವೇ ಡಿಬಿ, ಅಂದರೆ ಮನೆಗೆಲ್ಲ ಕರೆಂಟು ಹಂಚುವ, ಎಂಟು ಸರ್ಕ್ಯೂಟಿಗೆ ಜಾಗವಿರುವ ಪೆಟ್ಟಿಗೆ. ಮುಚ್ಚಳ ತೆಗೆದರೆ ಎಂಟೂ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್) ಸಾಲಾಗಿ ಕೂತಿವೆ, ಖಾಲಿ ಜಾಗವೇ ಇಲ್ಲ. ವೈರಿಂಗ್ ಕೆಲಸ ಕಲಿಯುವಾಗ ನಮಗೆ ಮೊದಲು ಹೊಳೆಯೋದು ಒಂದೇ. ಯಾವುದಾದರೂ ಎಂಸಿಬಿಯ ಕೆಳಗೆ ಗೀಸರ್ ವೈರನ್ನೂ ಸೇರಿಸಿ ಬಿಗಿದುಬಿಡೋಣ ಅಂತ.

ಹಾಗೆ ಬಿಗಿದದ್ದನ್ನು ಒಂದು ಮನೆಯಲ್ಲಿ ನೋಡಿದ್ದೇನೆ. ಎಂಸಿಬಿಯ ಒಂದೇ ಬಾಯಿಗೆ ಎರಡು ವೈರ್ ತುರುಕಿದ್ದರು, ಒಂದು 4 ಸ್ಕ್ವೇರ್ ಎಂಎಂ, ಇನ್ನೊಂದು ಒಂದೂವರೆ. ಸ್ಕ್ರೂ ದಪ್ಪ ವೈರನ್ನು ಕಚ್ಚಿ ಹಿಡಿದಿತ್ತು. ಸಣ್ಣದು ಸುಮ್ನೆ ಪಕ್ಕದಲ್ಲಿ ಕೂತಿತ್ತು. ಅದರ ಕೆಂಪು ಇನ್ಸುಲೇಷನ್ ಎರಡು ಬೆರಳಗಲ ಕಂದು ಬಣ್ಣಕ್ಕೆ ತಿರುಗಿತ್ತು, ಬಗ್ಗಿಸಿದರೆ ಪುಡಿಯಾಗಿ ಉದುರುತ್ತಿತ್ತು. ಎಂಸಿಬಿ ಮಾತ್ರ ಒಂದು ಸಲವೂ ಟ್ರಿಪ್ ಆಗಿರಲಿಲ್ಲ. ಹರಿಯುತ್ತಿದ್ದ ಕರೆಂಟು ಮಿತಿಯೊಳಗೇ ಇತ್ತಲ್ಲ! ಬಿಸಿ ಹುಟ್ಟಿದ್ದು ಸಡಿಲ ಜೋಡಣೆಯಿಂದ. ಅದನ್ನು ಕಂಡುಹಿಡಿಯುವ ಏರ್ಪಾಡು ಎಂಸಿಬಿಯೊಳಗೆ ಇಲ್ಲ.

ಡಿಬಿ ತುಂಬಿದೆ ಎನ್ನುವ ಮಾತಿಗೆ ಎರಡು ಅರ್ಥ ಇದೆ. ಪೆಟ್ಟಿಗೆಯಲ್ಲಿ ಜಾಗ ಇಲ್ಲ ಎನ್ನುವುದು ಒಂದು. ಮನೆಗೆ ಬರುವ ಲೈನ್ ಇನ್ನಷ್ಟು ಲೋಡ್ ಹೊರಲಾರದು ಎನ್ನುವುದು ಇನ್ನೊಂದು. ಜಾಗ ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದರ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಲೋಡ್ ಲೆಕ್ಕ ಮೊದಲು ಆಗಬೇಕು.

ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ನೋಡಿ. 3 ಕಿಲೋವ್ಯಾಟ್ ಇದ್ದರೆ 230 ವೋಲ್ಟ್‌ಗೆ ಸುಮಾರು 13 ಆಂಪಿಯರ್. ಗೀಸರ್ ಒಂದೇ 2000 ÷ 230, ಅಂದರೆ 8.7 ಆಂಪಿಯರ್ ಎಳೆಯುತ್ತದೆ. ಮೇಲೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿದರೆ 13 ತುಂಬಿತು, ಮಿಕ್ಸಿ, ಫ್ರಿಜ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇಂಥ ಮನೆಯವರಿಗೆ ಮೊದಲು ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ ಅಂತಲೇ ಹೇಳಬೇಕು. ಬಳಕೆ ಜಾಸ್ತಿ ಇರುವ ಹೊತ್ತಲ್ಲಿ, ವೈರ್ ಸುತ್ತ ಹಿಡಿದು ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿಯೂ ನೋಡಿ. ಕರೆಂಟು ತರುವ ಫೇಸ್ ವೈರೊಂದನ್ನೇ ಹಿಡಿಯಬೇಕು. ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ಜೊತೆ ಸೇರಿಸಿ ಹಿಡಿದರೆ ಸೊನ್ನೆ ತೋರಿಸುತ್ತದೆ. ಈ ಸೊನ್ನೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಲೋಡ್ ಸರಿಯಿದ್ದರೆ ಇನ್ನು ಜಾಗದ ವಿಷಯ. ಕೆಲವೊಮ್ಮೆ ಎರಡು ಲೈಟ್ ಸರ್ಕ್ಯೂಟ್ ಸೇರಿಸಿದರೆ ಒಂದು ವೇ ಬಿಡುವಾಗುತ್ತದೆ. ಎಲ್‌ಇಡಿ ಬಂದಮೇಲೆ ಲೈಟ್ ಲೋಡ್ ಬಹಳ ಇಳಿದಿದೆ, ಅಲ್ವಾ? ಆದರೂ ಎರಡೂ ಸೇರಿ 10 ಪಾಯಿಂಟ್ ಅಥವಾ 800 ವ್ಯಾಟ್ ದಾಟಬಾರದು. ಸೇರಿಸುವುದೂ ಎಂಸಿಬಿಯ ಬಾಯಲ್ಲಿ ಅಲ್ಲ. ಎರಡು ವೈರನ್ನೂ ಕನೆಕ್ಟರ್‌ನಲ್ಲಿ ಕೂಡಿಸಿ, ಅಲ್ಲಿಂದ ಒಂದೇ ವೈರ್ ಎಂಸಿಬಿಗೆ ಹೋಗಬೇಕು.

ನನಗೆ ಹೆಚ್ಚು ಇಷ್ಟವಾಗುವ ದಾರಿ ಸಬ್ ಡಿಬಿ, ಅಂದರೆ ಪಕ್ಕದಲ್ಲೇ ಇನ್ನೊಂದು ಸಣ್ಣ ಡಿಬಿ. ಹಳೇ ಡಿಬಿಯ ಒಂದು 6 ಆಂಪಿಯರ್ ಲೈಟ್ ಎಂಸಿಬಿ ತೆಗೆದು, ಆ ಜಾಗಕ್ಕೆ 25 ಆಂಪಿಯರ್ ಎಂಸಿಬಿ ಕೂರಿಸಬೇಕು. ಅದರಿಂದ 6 ಸ್ಕ್ವೇರ್ ಎಂಎಂ ತಾಮ್ರದ ವೈರ್ ಪಕ್ಕದ 4 ವೇ ಡಬ್ಬಿಗೆ ಎಳೆಯಬೇಕು. ತೆಗೆದ ಲೈಟ್ ಸರ್ಕ್ಯೂಟ್ ತನ್ನ 6 ಆಂಪಿಯರ್ ಎಂಸಿಬಿ ಸಮೇತ ಹೊಸ ಡಬ್ಬಿಗೆ ಬರುತ್ತದೆ. ಪಕ್ಕದಲ್ಲಿ ಗೀಸರ್‌ಗೆ 16 ಆಂಪಿಯರ್ ಎಂಸಿಬಿ, 4 ಸ್ಕ್ವೇರ್ ಎಂಎಂ ವೈರ್. ಲೋಡ್ ಎಳೆಯುವ ಕರೆಂಟಿಗಿಂತ ಎಂಸಿಬಿ ದೊಡ್ಡದಿರಬೇಕು, ವೈರ್ ಹೊರುವ ಕರೆಂಟು ಎಂಸಿಬಿಗಿಂತ ಜಾಸ್ತಿ ಇರಬೇಕು. ಎಂಸಿಬಿ ಪದೇಪದೇ ಬೀಳುತ್ತದೆ ಅಂತ ವೈರ್ ಬದಲಿಸದೆ ದೊಡ್ಡ ಎಂಸಿಬಿ ಹಾಕಿದರೆ, ಆಮೇಲೆ ಸುಡೋದು ಗೋಡೆಯೊಳಗಿನ ವೈರ್.

ನಮ್ಮಲ್ಲಿ ಹೆಚ್ಚಿನವರು ಎಡವೋದು ನ್ಯೂಟ್ರಲ್‌ನಲ್ಲಿ. ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಒಳಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ಬಳೆಯೊಳಗೆ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ವಾಪಸ್ ಬಂದರೆ ಬಳೆಗೆ ಕಾಣುವುದು ಸೊನ್ನೆ, ಟಾಂಗ್ ಟೆಸ್ಟರ್‌ನಲ್ಲಿ ಕಂಡ ಅದೇ ಸೊನ್ನೆ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್‌ನದು. ವ್ಯತ್ಯಾಸ ಅಷ್ಟಾದರೆ ಬೀಳಲೇಬೇಕು. ಈಗ ಗೀಸರ್ ಫೇಸನ್ನು ಆರ್‌ಸಿಸಿಬಿ ನಂತರದಿಂದ ತೆಗೆದು, ನ್ಯೂಟ್ರಲನ್ನು ಅದಕ್ಕೂ ಮುಂಚಿನ ನ್ಯೂಟ್ರಲ್ ಲಿಂಕ್‌ಗೆ (ನ್ಯೂಟ್ರಲ್ ವೈರ್‌ಗಳು ಸೇರುವ ಪಟ್ಟಿ) ಕೊಟ್ಟಿರಿ ಅಂದುಕೊಳ್ಳಿ. 8.7 ಆಂಪಿಯರ್ ಹೋಗುತ್ತದೆ, ಆ ಬಳೆಯೊಳಗೆ ಏನೂ ವಾಪಸ್ ಬರುವುದಿಲ್ಲ. ವ್ಯತ್ಯಾಸ 8700 ಮಿಲಿಆಂಪಿಯರ್! ಗೀಸರ್ ಸ್ವಿಚ್ ಹಾಕಿದ ಕ್ಷಣ ಮನೆಯೆಲ್ಲ ಕತ್ತಲು. ಆಗ ಗೀಸರ್ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ಕಳಿಸಬೇಡಿ, ನ್ಯೂಟ್ರಲ್ ಎಲ್ಲಿ ಕೂತಿದೆ ಅಂತ ನೋಡಿ. ಎರಡು ಆರ್‌ಸಿಸಿಬಿ ಇರುವ ಮನೆಯಲ್ಲಿ ಅವುಗಳ ನ್ಯೂಟ್ರಲ್ ಲಿಂಕ್ ಬೇರೆ ಬೇರೆಯಾಗಿಯೇ ಇರಬೇಕು. ಇನ್ನೊಂದು ಮಾತು, ಆರ್‌ಸಿಸಿಬಿ ಓವರ್‌ಲೋಡ್ ತಡೆಯುವುದಿಲ್ಲ, ಅದು ಎಂಸಿಬಿಯ ಕೆಲಸ.

ಈ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕವೇ ಆಗಬೇಕು, ಕಾನೂನು ಹಾಗೇ ಇದೆ. ನಾವು ಕಲಿಯುವವರು ಅವರ ಜೊತೆ ನಿಂತು ಮಾಡಬೇಕು. ಡಿಬಿಯ ಐಸೋಲೇಟರ್ (ಇಡೀ ಡಿಬಿಯ ಸ್ವಿಚ್) ಆಫ್ ಮಾಡಿದರೂ ಮೀಟರ್ ಕಡೆಯಿಂದ ಬರುವ ಅದರ ಟರ್ಮಿನಲ್‌ಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಮೀಟರ್ ಹತ್ತಿರದ ಮೇನ್ ಸ್ವಿಚ್ಚೇ ಆಫ್ ಆಗಬೇಕು. ಮಲ್ಟಿಮೀಟರನ್ನು ಮೊದಲು ಕರೆಂಟು ಇರುವ ಕಡೆ ಹಿಡಿದು ನೋಡಿ, ಆಮೇಲೆ ಆಫ್ ಮಾಡಿದ ಕಡೆ, ಮತ್ತೆ ಕರೆಂಟು ಇರುವ ಕಡೆ. ನಡುವೆ ಮಲ್ಟಿಮೀಟರೇ ಕೆಟ್ಟಿರಬಹುದು, ಅದಕ್ಕೇ ಮೂರು ಸಲ. ಬರೀ ಲೈನ್ ಟೆಸ್ಟರ್ ನಂಬಿ ಕೈ ಹಾಕಬೇಡಿ.

ಮುಗಿದ ಮೇಲೆ, ಗೀಸರ್ ಜೋಡಿಸುವ ಮುಂಚೆ, ಹೊಸ ಲೈನಿಗೆ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿ. ಕನಿಷ್ಠ 1 ಮೆಗಾಓಮ್ ಬರಬೇಕು. ಗೀಸರಿನ ಹಸಿರು ವೈರ್ ಅರ್ಥ್ ಬಾರ್‌ವರೆಗೂ ಕಂಟಿನ್ಯುಯಿಟಿ (ಎಲ್ಲೂ ಕಡಿಯದ ಸಂಪರ್ಕ) ತೋರಿಸಬೇಕು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಅರ್ಥ್ ಪರೀಕ್ಷೆ ಆದಂತಲ್ಲ. ಅದರಿಂದ ಆರ್‌ಸಿಸಿಬಿ ಬೀಳುತ್ತದೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ.

ಹೊಸ ಡಬ್ಬಿಯಲ್ಲಿ ಎರಡು ವೇ ಖಾಲಿ ಉಳಿಯುತ್ತವೆ. ಅವಕ್ಕೆ ಬ್ಲ್ಯಾಂಕ್ ಪ್ಲೇಟ್ ಹಾಕಿ. ತೆರೆದಿದ್ದರೆ ಹಲ್ಲಿ ಒಳಗೆ ಸೇರಿ ಎಂಸಿಬಿಗಳಿಗೆ ಕರೆಂಟು ಕೊಡುವ ಬಸ್‌ಬಾರ್ ಮೇಲೆ ಹೋಗುತ್ತದೆ.