ಓದುಗರ ಪ್ರಶ್ನೆ: ಬಿಗಿ ಬೂಟ್ ಹಾಕ್ತಾ ಹಾಕ್ತಾ ಸರಿಹೋಗುತ್ತಾ?

ಪ್ರಶ್ನೆ: ಸರ್, ನನ್ನ ಸ್ಪೋರ್ಟ್ಸ್ ಶೂ ಸೈಜು 8. ಈಗ ಲೇಸ್ ಇಲ್ಲದ, ಪಕ್ಕದಲ್ಲಿ ಎಲಾಸ್ಟಿಕ್ ಇರೋ ಚರ್ಮದ ಬೂಟ್ ತಗೋಬೇಕು ಅಂತಿದ್ದೀನಿ. 8 ಹಾಕಿದ್ರೆ ನಡೆಯುವಾಗ ಹಿಮ್ಮಡಿ ಸ್ವಲ್ಪ ಮೇಲೇಳುತ್ತೆ. 7 ಹಾಕಿದ್ರೆ ಹೆಬ್ಬೆರಳು ಮುಂದೆ ತಾಗುತ್ತೆ. ‘ಚರ್ಮ ಅಲ್ವಾ, ಹಿಗ್ಗುತ್ತೆ, 7 ತಗೋ’ ಅಂತ ನಮ್ಮ ಮಾವ ಹೇಳ್ತಾರೆ. ಏನ್ಮಾಡ್ಲಿ?

ಉತ್ತರ: ಈ ಸಲ ಪ್ರಶ್ನೆ ಮಂಡ್ಯದಿಂದ ಬಂದಿದೆ. ಹೋದ ಸಲ ಕುವೆಂಪುನಗರದಿಂದ ಬಂದಿತ್ತು, ಅದಕ್ಕೂ ಮುಂಚೆ ಮದ್ದೂರಿನಿಂದ. ಸೈಜು ಬೇರೆ ಇರುತ್ತದೆ, ಮಾವನ ಜಾಗದಲ್ಲಿ ಅಣ್ಣನೋ ಅಂಗಡಿ ಹುಡುಗನೋ ಇರುತ್ತಾನೆ, ಅಷ್ಟೇ ವ್ಯತ್ಯಾಸ. ನನ್ನ ಉತ್ತರವೂ ಬದಲಾಗಿಲ್ಲ. 7 ಬೇಡ. ಬೆರಳು ಮುಂದೆ ತಾಗುವ ಬೂಟನ್ನು ಯಾರು ಹೇಳಿದರೂ ತಗೋಬೇಡಿ, ಮಾವ ಹೇಳಿದರೂ. 8 ಹಾಕಿಕೊಂಡಾಗ ಪಾದದ ಮೇಲ್ಭಾಗದ ಉಬ್ಬನ್ನು ಬೂಟ್ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನೇ ತಗೊಳ್ಳಿ. ಹಿಮ್ಮಡಿ ಏಳುವುದರ ಬಗ್ಗೆ ಆಮೇಲೆ ಹೇಳುತ್ತೇನೆ.

ಮೊದಲು ಮಾವನ ಮಾತಿಗೆ ಬರೋಣ. ನನ್ನ ತಲೆ ತಿನ್ನುತ್ತಿರುವುದು ಅದೇ.

ಚರ್ಮ ಹಿಗ್ಗುತ್ತದೆ. ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಎಲ್ಲಿ ಹಿಗ್ಗುತ್ತದೆ, ಯಾವ ಕಡೆಗೆ, ಎಷ್ಟು ಅಂತ ಯಾರೂ ಕೇಳುವುದೇ ಇಲ್ಲ. ಒಂದು ಬೂಟನ್ನು ಕೈಗೆ ತಗೊಂಡು ಒತ್ತಿ ನೋಡಿ. ಬೆರಳು ಬರುವ ತುದಿ ಗಟ್ಟಿಯಾಗಿರುತ್ತದೆ. ಚರ್ಮಕ್ಕೂ ಒಳಪದರಕ್ಕೂ ನಡುವೆ ಅಲ್ಲೊಂದು ಬಿರುಸಾದ ಪಟ್ಟಿ ಕೂರಿಸಿರುತ್ತಾರೆ, ಬೂಟಿನ ಮೂತಿ ಕುಸಿಯದಿರಲಿ ಅಂತ. ಹಿಂದೆ ಹಿಮ್ಮಡಿಯ ಸುತ್ತಲೂ ಅಂಥದ್ದೇ ಇನ್ನೊಂದು. ಕೆಳಗೆ ಅಟ್ಟೆ. ಈ ಮೂರೂ ಹಿಗ್ಗುವ ಜಾತಿಯಲ್ಲ. ಬೂಟಿನ ಉದ್ದ ಎಷ್ಟಿರಬೇಕು ಅಂತ ತೀರ್ಮಾನ ಮಾಡುವುದು ಇವೇ ಮೂರು. ನೀವು ಒಂದು ವರ್ಷ ಹಾಕಿ, ಎರಡು ವರ್ಷ ಹಾಕಿ, ಅಟ್ಟೆ ಉದ್ದ ಬೆಳೆಯುವುದಿಲ್ಲ.

ಇನ್ನು ಮೇಲಿನ ಚರ್ಮ. ಕಸುಬು ಗೊತ್ತಿದ್ದವರು ಚರ್ಮ ಕತ್ತರಿಸುವ ಮುಂಚೆ ಅದನ್ನು ಎರಡೂ ದಿಕ್ಕಿಗೆ ಎಳೆದು ನೋಡುತ್ತಾರೆ. ಒಂದು ದಿಕ್ಕಿಗೆ ಜಾಸ್ತಿ ಎಳೆಯುತ್ತದೆ, ಇನ್ನೊಂದಕ್ಕೆ ಕಡಿಮೆ. ಕಡಿಮೆ ಎಳೆಯುವ ದಿಕ್ಕು ಬೂಟಿನ ಉದ್ದಕ್ಕೆ ಬರುವ ಹಾಗೆ ಕತ್ತರಿಸುತ್ತಾರೆ. ಅಂದರೆ ಉದ್ದಕ್ಕೆ ಹಿಗ್ಗಬಾರದು ಅಂತಲೇ ಅದನ್ನು ಮಾಡಿರುತ್ತಾರೆ. ನೀವು ಹಿಗ್ಗಲಿ ಅಂತ ಕಾಯುತ್ತಾ ಕೂರುತ್ತೀರಿ!

ಈಗ ಲೆಕ್ಕ ನೋಡಿ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಇಂಗ್ಲೆಂಡಿನ ಸೈಜು. ಅದರಲ್ಲಿ ಒಂದು ಸೈಜಿಗೂ ಮುಂದಿನದಕ್ಕೂ ಇಂಚಿನ ಮೂರನೇ ಒಂದು ಭಾಗ ವ್ಯತ್ಯಾಸ, ಸುಮಾರು 8.5 ಮಿ.ಮೀ. ನಿಮ್ಮ 7 ನಂಬರ್ ಬೂಟು 8 ಆಗಬೇಕಾದರೆ ಅಷ್ಟೂ ಉದ್ದ ಬೆಳೆಯಬೇಕು. ಆಗುವ ಮಾತಾ? ಅಗಲಕ್ಕೆ ಹಿಗ್ಗುವುದೂ ಕೆಲವೇ ಮಿಲಿಮೀಟರ್. ಅದೂ ಪಾದದ ಅಗಲವಾದ ಜಾಗದಲ್ಲಿ, ಹೆಬ್ಬೆರಳ ಬುಡದ ಗೆಣ್ಣು ಮತ್ತು ಕಿರುಬೆರಳ ಬುಡದ ಹತ್ತಿರ. ಆಮೇಲೆ ಪಾದದ ಉಬ್ಬಿನ ಮೇಲೆ ಒಂಚೂರು.

ಹಾಗಾದರೆ ಯಾವ ಬಿಗಿ ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ? ಉಬ್ಬಿನ ಮೇಲೆ ಹಿಡಿದ ಹಾಗಿದೆ, ಆದರೆ ನೋವಿಲ್ಲ ಅಂದರೆ ಸರಿಹೋಗುತ್ತದೆ. ಅಕ್ಕಪಕ್ಕ ಸ್ವಲ್ಪ ಒತ್ತಿದೆ, ಬೆರಳುಗಳನ್ನು ಆಡಿಸಲು ಬರುತ್ತದೆ ಅಂದರೆ ಅದೂ ಸರಿಹೋಗುತ್ತದೆ. ಹೆಬ್ಬೆರಳು ಮುಂದಿನ ಗೋಡೆಗೆ ತಾಗುತ್ತದೆ ಅಂದರೆ ಜನ್ಮದಲ್ಲಿ ಸರಿಹೋಗುವುದಿಲ್ಲ. ಕಿರುಬೆರಳು ಹತ್ತು ನಿಮಿಷಕ್ಕೆ ಜೋಮು ಹಿಡಿಯುತ್ತದೆ ಅಂದರೆ ಅಲ್ಲೇ ಬಿಚ್ಚಿಟ್ಟು ಬನ್ನಿ. ಅಂಗಡಿಯಲ್ಲಿ ಮಹಡಿ ಮೆಟ್ಟಿಲಿದ್ದರೆ ಒಮ್ಮೆ ಇಳಿದು ನೋಡಿ. ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ. ಸಮತಟ್ಟು ನೆಲದಲ್ಲಿ ‘ಪರವಾಗಿಲ್ಲ’ ಅನ್ನಿಸಿದ ಬೂಟು ಅಲ್ಲಿ ನಿಜ ಹೇಳುತ್ತದೆ. ಇದನ್ನು ಕಡೆಗಣಿಸಿದವರ ಹೆಬ್ಬೆರಳ ಉಗುರು ಕಪ್ಪಾಗುತ್ತದೆ, ಕಿರುಬೆರಳ ಮೇಲೆ ಆಣಿ ಆಗುತ್ತದೆ.

ಅಷ್ಟಾದರೂ ಕೆಲವರು ಬಿಡುವುದಿಲ್ಲ. ಒದ್ದೆ ಪೇಪರ್ ತುರುಕುತ್ತಾರೆ. ನೀರಲ್ಲಿ ನೆನೆಸಿ ಹಾಕಿಕೊಂಡು ಓಡಾಡುತ್ತಾರೆ. ಹೇರ್ ಡ್ರೈಯರ್ ಹಿಡಿಯುತ್ತಾರೆ. ಒದ್ದೆ ಚರ್ಮಕ್ಕೆ ಜೋರು ಬಿಸಿ ತಾಗಿದರೆ ಅದು ಹಿಗ್ಗುವುದಿಲ್ಲ, ಕುಗ್ಗಿ ಬಿರುಸಾಗುತ್ತದೆ. ಅಟ್ಟೆಯ ಅಂಟೂ ಬಿಡುತ್ತದೆ. ಕೊಬ್ಬರಿ ಎಣ್ಣೆ ಸವರುವವರದ್ದು ಇನ್ನೊಂದು ಪಂಗಡ. ಬಣ್ಣ ಕಪ್ಪಗಾಗುತ್ತದೆ, ಧೂಳು ಮೆತ್ತುತ್ತದೆ, ಎಣ್ಣೆ ಪಕ್ಕದ ಎಲಾಸ್ಟಿಕ್‌ಗೆ ಇಳಿದರೆ ಒಳಗಿನ ರಬ್ಬರ್ ಕೆಡುತ್ತದೆ. ಉದ್ದ ಮಾತ್ರ ಅಷ್ಟೇ ಇರುತ್ತದೆ. ರಿಪೇರಿಯವರ ಹತ್ತಿರ ಮರದ ಸ್ಟ್ರೆಚರ್ ಇರುತ್ತದೆ, ಅದು ಒಳ್ಳೆಯ ಸಾಧನ. ಒಂದು ಗೆಣ್ಣು ಒತ್ತುತ್ತಿದ್ದರೆ ಆ ಜಾಗವನ್ನಷ್ಟೇ ಅಗಲ ಮಾಡಿಕೊಡುತ್ತಾರೆ. ಅವರನ್ನೂ ಕೇಳಿ ನೋಡಿ, ‘ಉದ್ದ ಮಾಡಿಕೊಡಿ’ ಅಂದರೆ ನಗುತ್ತಾರೆ.

ಇನ್ನೊಂದು ವಿಷಯ. ಇವತ್ತು ಚರ್ಮ ಅಂತ ಮಾರುವುದರಲ್ಲಿ ಎಷ್ಟೋ ಬೂಟುಗಳ ಮೇಲೆ ದಪ್ಪ ಪ್ಲಾಸ್ಟಿಕ್ ಲೇಪನ ಇರುತ್ತದೆ. ಕೆಲವು ಪೂರ್ತಿ ರೆಕ್ಸಿನ್ನೇ. ಅವು ಅಗಲಕ್ಕೂ ಚರ್ಮದ ಹಾಗೆ ಪಾದಕ್ಕೆ ಒಗ್ಗುವುದಿಲ್ಲ. ಬಿಗಿಯಾಗಿ ಕೊಂಡರೆ ಹರಿಯುವವರೆಗೂ ಬಿಗಿ.

ಪಾಪ, ಮಾವ ಸುಳ್ಳು ಹೇಳಿದರು ಅಂತ ಅಲ್ಲ. ಅವರ ಕಾಲದ ಚರ್ಮದ ಚಪ್ಪಲಿಗೆ ಆ ಮಾತು ನೂರಕ್ಕೆ ನೂರು ನಿಜ. ಚಪ್ಪಲಿಯಲ್ಲಿ ಪಾದವನ್ನು ಹಿಡಿಯುವುದು ಅಡ್ಡಪಟ್ಟಿ ಮತ್ತು ಹೆಬ್ಬೆರಳ ಉಂಗುರ. ಎರಡೂ ಬರೀ ಚರ್ಮ, ಎರಡೂ ಸಡಿಲವಾಗುತ್ತವೆ. ಮುಂದೆ ಗೋಡೆಯೇ ಇಲ್ಲ, ಬೆರಳು ತಾಗುವ ಪ್ರಶ್ನೆಯೂ ಇಲ್ಲ. ಹೊಸ ಚಪ್ಪಲಿ ಬಿಗಿಯಾಗಿ ಕೊಳ್ಳುವುದು ಬುದ್ಧಿವಂತಿಕೆ. ಅದೇ ಬುದ್ಧಿಯನ್ನು ಬೂಟಿಗೆ ತಂದರೆ ಕಾಲು ಕಚ್ಚಿಸಿಕೊಳ್ಳುತ್ತೀರಿ. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ, ಜಗಳ ಬೇಡ.

ಈಗ ಹಿಮ್ಮಡಿ. ಲೇಸ್ ಇರುವ ಶೂ ಲಾಡಿ ಪೈಜಾಮ ಇದ್ದ ಹಾಗೆ, ಒಂದಿಷ್ಟು ದೊಡ್ಡದಿದ್ದರೂ ಎಳೆದು ಕಟ್ಟಬಹುದು. ಎಳೆದು ಹಾಕುವ ಬೂಟಿನಲ್ಲಿ ಆ ಅನುಕೂಲ ಇಲ್ಲ. ಪಾದವನ್ನು ಹಿಂದಕ್ಕೆ ಒತ್ತಿ ಹಿಡಿಯುವ ಕೆಲಸ ಪೂರ್ತಿ ಉಬ್ಬಿನ ಮೇಲಿನ ಚರ್ಮದ್ದು. ಎಲಾಸ್ಟಿಕ್ ಇರುವುದು ಪಾದ ಒಳಗೆ ಹೋಗಲು ದಾರಿ ಬಿಡುವುದಕ್ಕೆ. ಅದೇ ಹಿಡಿದುಕೊಳ್ಳುತ್ತದೆ ಅಂತ ನಂಬಬೇಡಿ. ಹಾಕುವಾಗ ಪಾದ ತಿರುಗುವ ಜಾಗದಲ್ಲಿ ಸ್ವಲ್ಪ ತಡೆದು, ಆಮೇಲೆ ಹಿಮ್ಮಡಿ ಟಪ್ ಅಂತ ಕೂತರೆ ಒಳ್ಳೆಯ ಗುರುತು. ಹವಾಯಿ ಚಪ್ಪಲಿ ಹಾಕಿದಷ್ಟು ಸಲೀಸಾಗಿ ಹೋದರೆ ಸಡಿಲ. ಶೂ ಹಾರ್ನ್ ಇದ್ದರೂ ಒದ್ದಾಡಬೇಕು ಅಂದರೆ ನಿಮ್ಮ ಪಾದದ ಉಬ್ಬು ಎತ್ತರ, ಆ ಮಾಡೆಲ್ ನಿಮಗಲ್ಲ. ಸೈಜು ಬದಲಿಸಿ ಉಪಯೋಗ ಇಲ್ಲ, ಕಂಪನಿ ಬದಲಿಸಿ.

ಹೊಸ ಬೂಟಿನ ಅಟ್ಟೆ ಇನ್ನೂ ಬಗ್ಗುವುದಿಲ್ಲ. ನೀವು ಹೆಜ್ಜೆ ಎತ್ತುವಾಗ ಪಾದ ಬಗ್ಗುತ್ತದೆ, ಅಟ್ಟೆ ಬಗ್ಗುವುದಿಲ್ಲ, ಹಾಗಾಗಿ ಹಿಮ್ಮಡಿ ಅರ್ಧ ಸೆಂಟಿಮೀಟರ್, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಏಳುತ್ತದೆ. ಚರ್ಮದ ಅಟ್ಟೆಯ ಬೂಟಿನಲ್ಲಂತೂ ಇದು ಇದ್ದದ್ದೇ. ಅಟ್ಟೆ ಬಗ್ಗಲು ಕಲಿತ ಮೇಲೆ ಕಡಿಮೆಯಾಗುತ್ತದೆ. ಇದನ್ನು ನೋಡಿ ಹೆದರಿ ಜನ ಒಂದು ಸೈಜು ಇಳಿಸುತ್ತಾರೆ, ಆಮೇಲೆ ‘ಹಿಗ್ಗುತ್ತೆ’ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ರೋಗ ಶುರುವಾಗುವುದೇ ಅಲ್ಲಿ. ಹಿಮ್ಮಡಿಯ ಜೊತೆ ಇಡೀ ಪಾದ ಹಿಂದೆ ಮುಂದೆ ಜಾರಿದರೆ ಮಾತ್ರ ಬೂಟು ದೊಡ್ಡದು. ಆಗಲೂ ಮೊದಲು ಒಳಗೆ ತೆಳುವಾದ ಇನ್ಸೋಲ್ ಹಾಕಿ ನೋಡಿ. ಪಾದ ಸ್ವಲ್ಪ ಮೇಲೆದ್ದು ಉಬ್ಬು ಚರ್ಮಕ್ಕೆ ತಾಗುತ್ತದೆ. ನಮ್ಮಲ್ಲಿ ಅರ್ಧ ಸೈಜು ಸಿಗುವುದೇ ಅಪರೂಪ, ಹಾಗಾಗಿ ಎರಡರ ಮಧ್ಯೆ ಸಿಕ್ಕಿಕೊಂಡವರು ದೊಡ್ಡದನ್ನು ತಗೊಂಡು ಇನ್ಸೋಲ್ ಹಾಕುವುದೇ ಮೇಲು. ದೊಡ್ಡದನ್ನು ತುಂಬಿಸಬಹುದು, ಚಿಕ್ಕದನ್ನು ಏನು ಮಾಡುತ್ತೀರಿ?

ಸ್ಪೋರ್ಟ್ಸ್ ಶೂ ಸೈಜನ್ನು ಮರೆತುಬಿಡಿ. ಅದರ ಒಳಗೆ ಸ್ಪಂಜು, ಹೊರಗೆ ಬಟ್ಟೆ, ಮೇಲೆ ಲೇಸ್. ಕಂಪನಿಗಳ ಲೆಕ್ಕವೂ ಒಂದೇ ಅಲ್ಲ. ನೈಕಿಯಲ್ಲಿ ಗಂಡಸರ ಯುಕೆ 8 ಅಂದರೆ ಯುಎಸ್ 9, ಅಡಿಡಾಸ್‌ನಲ್ಲಿ ಅದೇ ಯುಕೆ 8 ಅಂದರೆ ಯುಎಸ್ 8.5. ಚರ್ಮದ ಬೂಟಿನಲ್ಲಿ ಯುಕೆ 8ಕ್ಕೆ ಬಳಸುವ ಅಚ್ಚಿನ, ಅಂದರೆ ಬೂಟು ಮಾಡುವಾಗ ಒಳಗಿಡುವ ಪಾದದಾಕಾರದ ತುಂಡಿನ, ಉದ್ದ ಲೆಕ್ಕದ ಪ್ರಕಾರ 11 ಇಂಚು. ಯುರೋಪಿನ 42ರ ಅಚ್ಚು 28 ಸೆಂ.ಮೀ. ಎರಡೂ ಹೆಚ್ಚುಕಡಿಮೆ ಒಂದೇ. ಹಾಗಂತ 28 ಸೆಂ.ಮೀ. ಪಾದದವರು ಅದನ್ನು ತಗೋಬೇಡಿ. ಅದು ಅಚ್ಚಿನ ಉದ್ದ. ಬೆರಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟಾದರೂ ಜಾಗ ಬಿಡಬೇಕು.

ಸಂಜೆ ಹೊತ್ತು ಅಳತೆ ತಗೊಳ್ಳಿ, ದಿನವಿಡೀ ಓಡಾಡಿ ಪಾದ ಊದಿರುತ್ತದೆ. ಗೋಡೆಗೆ ಹಿಮ್ಮಡಿ ಒತ್ತಿ, ಕಾಗದದ ಮೇಲೆ ಭಾರ ಬಿಟ್ಟು ನಿಂತು, ಎರಡೂ ಪಾದ ಅಳೆಯಿರಿ. ದೊಡ್ಡ ಪಾದದ ಲೆಕ್ಕ ಹಿಡಿಯಿರಿ. ಕೆಲವರಿಗೆ ಎರಡನೇ ಬೆರಳೇ ಉದ್ದ ಇರುತ್ತದೆ, ಅದನ್ನೂ ನೋಡಿ. ಟೈಲರ್ ಟೇಪಿನಲ್ಲಿ ಗೆಣ್ಣಿನ ಹತ್ತಿರ ಪಾದದ ಸುತ್ತಳತೆಯನ್ನೂ ಬರೆದುಕೊಳ್ಳಿ. ಬೂಟು ಹಾಕಿದಾಗ ಹೆಬ್ಬೆರಳ ಗೆಣ್ಣು ಬೂಟಿನ ಅತಿ ಅಗಲವಾದ ಜಾಗದಲ್ಲೇ, ಅದು ಬಗ್ಗುವ ಜಾಗದಲ್ಲೇ ಇರಬೇಕು. ಆನ್‌ಲೈನ್‌ನಲ್ಲಿ ತರಿಸಿದ್ದಾದರೆ ಚಾಪೆ ಮೇಲೆ ನಡೆದು ನೋಡಿ, ಅಟ್ಟೆ ಗೀರಿದರೆ ವಾಪಸ್ ತಗೊಳ್ಳುವುದಿಲ್ಲ.

ಅಗಲದ ವಿಷಯದಲ್ಲಿ ನಮ್ಮ ತಪ್ಪಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ನಮ್ಮದೇ ಸೈಜು ಪದ್ಧತಿ ರೂಪಿಸಲು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ನಮ್ಮವರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ ಅಂತ ಕಂಡುಬಂತು. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದವರ ಬೆರಳುಗಳು ಹರಡಿಕೊಂಡಿರುತ್ತವೆ. ಹೊರದೇಶದ ಅಚ್ಚಿನಲ್ಲಿ ಮಾಡಿದ ಬೂಟು ಒತ್ತಿದರೆ ಪಾದವನ್ನು ಬೈಯಬೇಡಿ. ಮೂತಿ ಚೂಪಾಗಿರುವುದನ್ನು ಬಿಟ್ಟು ದುಂಡಗಿರುವುದನ್ನು ನೋಡಿ.

ಇನ್ನು ಯಾರೂ ಕೇಳದ ಪ್ರಶ್ನೆ: ಈ ಬೂಟನ್ನು ಬಿಚ್ಚುವುದು ಹೇಗೆ? ನಮ್ಮ ಕಡೆ ಲೇಸ್ ಇಲ್ಲದ ಬೂಟು ಓಡುವುದೇ ಬಿಚ್ಚುವ ಕಾರಣಕ್ಕೆ. ಮನೆ ಬಾಗಿಲಲ್ಲಿ ಬಿಚ್ಚಬೇಕು, ದೇವಸ್ಥಾನದಲ್ಲಿ ಬಿಚ್ಚಬೇಕು, ಡಾಕ್ಟರ ಕ್ಲಿನಿಕ್‌ನಲ್ಲೂ ಬಿಚ್ಚಬೇಕು. ಪ್ರತಿ ಸಲವೂ ಒಂದು ಕಾಲಿನ ಮೂತಿಯಿಂದ ಇನ್ನೊಂದರ ಹಿಮ್ಮಡಿ ತುಳಿದು ಎಳೆಯುತ್ತಾರೆ. ಆಗ ಹಿಂದಿನ ಗಟ್ಟಿ ಪಟ್ಟಿ ಮುರಿಯುತ್ತದೆ. ಅದು ಮುರಿದ ಮೇಲೆ ಎಷ್ಟೇ ಸರಿಯಾದ ಸೈಜು ಇದ್ದರೂ ಹಿಮ್ಮಡಿ ಏಳುತ್ತದೆ, ಆಗ ನನಗೆ ಪತ್ರ ಬರುತ್ತದೆ! ಕೂತು, ಎರಡೂ ಕೈಯಲ್ಲಿ ಹಿಮ್ಮಡಿ ಹಿಡಿದು ಬಿಚ್ಚಿ. ಇಲ್ಲ ಅಂದರೆ ಒಂದು ಹಲಗೆಯ ತುದಿಯಲ್ಲಿ ಹಿಮ್ಮಡಿ ಕೂರುವಷ್ಟು ಕವಲು ಕತ್ತರಿಸಿ, ಕೆಳಗೊಂದು ಮರದ ತುಂಡು ಹೊಡೆಸಿ ಬಾಗಿಲ ಹತ್ತಿರ ಇಟ್ಟುಕೊಳ್ಳಿ, ಕವಲಿಗೆ ಹಿಮ್ಮಡಿ ಸಿಕ್ಕಿಸಿ ಕಾಲನ್ನು ಹೊರಗೆಳೆಯಿರಿ. ಯಾವ ಬಡಗಿಯಾದರೂ ಮಾಡಿಕೊಡುತ್ತಾರೆ. ಬೂಟಿನ ಹಿಂದೆ ಮೇಲ್ತುದಿಯಲ್ಲಿರುವ ಕುಣಿಕೆ ಹಾಕಿಕೊಳ್ಳುವಾಗ ಎಳೆಯಲು, ಬೂಟನ್ನು ತೂಗು ಹಾಕಲು ಅಲ್ಲ.

ದಸರಾ ಮೆರವಣಿಗೆಯಲ್ಲಿ ಕುದುರೆ ಪೊಲೀಸರು ಹಾಕುವ ಮಂಡಿವರೆಗಿನ ಬೂಟು ನೋಡಿ ‘ಅದೂ ಹೀಗೇನಾ’ ಅಂತ ಕೇಳುವವರಿದ್ದಾರೆ. ಪಾದದ ಮಟ್ಟಿಗೆ ಹೀಗೇ. ಅದಕ್ಕೆ ಮೀನಖಂಡದ ಸುತ್ತಳತೆ, ಮಂಡಿವರೆಗಿನ ಎತ್ತರ ಎರಡೂ ಬೇಕು. ಅಲ್ಲೊಂದು ತಮಾಷೆ ಇದೆ. ಪಾದ ಕಾಲಿಗೆ ಸೇರುವ ಜಾಗದಲ್ಲಿ ಮಡಿಕೆ ಬಿದ್ದು ಬೂಟು ಕೆಳಗೆ ಕೂರುತ್ತದೆ, ಹಾಗಾಗಿ ಹೊಸದರಲ್ಲಿ ಸ್ವಲ್ಪ ಎತ್ತರವಾಗಿಯೇ ಹೊಲಿಸುತ್ತಾರೆ.

ಗಿಡ್ಡ ಬೂಟಿನ ಪಕ್ಕಕ್ಕೆ ಎಲಾಸ್ಟಿಕ್ ಬಂದದ್ದು ಲಂಡನ್ನಿನಲ್ಲಿ. ರಾಣಿ ವಿಕ್ಟೋರಿಯಾಗೆ ಬೂಟು ಮಾಡುತ್ತಿದ್ದ ಜೋಸೆಫ್ ಸ್ಪಾರ್ಕ್ಸ್ ಹಾಲ್ ಅದಕ್ಕೆ ಪೇಟೆಂಟ್ ತಗೊಂಡ. ಗಂಧಕ ಬೆರೆಸಿ ರಬ್ಬರನ್ನು ಗಟ್ಟಿ ಮಾಡುವ ವಿದ್ಯೆಯೂ ಆ ಕಾಲದ್ದೇ. ಆದರೆ ರಬ್ಬರ್ ರಬ್ಬರೇ, ಬಿಸಿಲಲ್ಲಿ ಬಿಟ್ಟರೆ ಸತ್ತುಹೋಗುತ್ತದೆ. ಎಲಾಸ್ಟಿಕ್ ಅಲೆಅಲೆಯಾಗಿ ಸುಕ್ಕಾಗಿದ್ದರೆ ಇಡೀ ಬೂಟು ಎಸೆಯಬೇಡಿ. ಚರ್ಮ, ಅಟ್ಟೆ ಚೆನ್ನಾಗಿದ್ದರೆ ಹೊಲಿಗೆ ಮೆಷಿನ್ ಇರುವ ರಿಪೇರಿಯವರ ಹತ್ತಿರ ಹೊಸ ಎಲಾಸ್ಟಿಕ್ ಹಾಕಿಸಿ. ಅಂಟು ಹಚ್ಚಿ ಕೊಟ್ಟರೆ ಒಪ್ಪಬೇಡಿ, ಹೊಲಿಸಿ. ಎರಡೂ ಬೂಟಿಗೆ, ಒಳಬದಿ ಹೊರಬದಿ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಒಂದನ್ನೇ ಹಾಕಿಸಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆಗುತ್ತದೆ.