ಟಿಪಿಎನ್: ರಕ್ತನಾಳದ ಮೂಲಕ ಪೂರ್ತಿ ಊಟ

ಟೋಟಲ್ ಪೇರೆಂಟರಲ್ ನ್ಯೂಟ್ರಿಷನ್ ಎಂಬುದರ ಚಿಕ್ಕ ಹೆಸರು ಟಿಪಿಎನ್. ಹೊಟ್ಟೆ, ಕರುಳುಗಳಿಗೆ ಕೆಲಸ ಕೊಡದೆ, ದೇಹಕ್ಕೆ ಬೇಕಾದ ಆಹಾರವನ್ನೆಲ್ಲ ನೇರವಾಗಿ ರಕ್ತಕ್ಕೆ ಸೇರಿಸುವ ಚಿಕಿತ್ಸೆ ಇದು.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟ್ಲಿ ಏರಿಸಿದರೆ ರೋಗಿಗೆ ಊಟ ಸಿಕ್ಕಿತು ಎಂದು ಮನೆಯವರು ಸಮಾಧಾನಪಡುತ್ತಾರೆ. ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಹಾಕುವ 5% ಡೆಕ್ಸ್‌ಟ್ರೋಸ್‌ನ (ಗ್ಲೂಕೋಸ್‌ಗೇ ಇನ್ನೊಂದು ಹೆಸರು) ಒಂದು ಲೀಟರಿನಲ್ಲಿ ಇರುವುದು 50 ಗ್ರಾಂ ಸಕ್ಕರೆ, ಅಂದರೆ ಸುಮಾರು 170 ಕ್ಯಾಲೊರಿ. ಹಾಸಿಗೆ ಹಿಡಿದ ದೊಡ್ಡವರಿಗೂ ದಿನಕ್ಕೆ 1,500ರ ಆಸುಪಾಸು ಬೇಕು. ಪ್ರೊಟೀನ್, ಕೊಬ್ಬು ಅದರಲ್ಲಿ ಇಲ್ಲವೇ ಇಲ್ಲ. ಸಕ್ಕರೆಯನ್ನೇ ಜಾಸ್ತಿ ಬೆರೆಸಬಹುದಲ್ವಾ? ಬೆರೆಸಿದರೆ ಕೈಯ ಸಣ್ಣ ರಕ್ತನಾಳ ಉರಿದು, ಊದಿ, ಮುಚ್ಚಿಹೋಗುತ್ತದೆ.

1960ರ ದಶಕದಲ್ಲಿ ಇದಕ್ಕೆ ದಾರಿ ಕಂಡವರು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸರ್ಜನ್‌ಗಳು. ಆಪರೇಷನ್ ಚೆನ್ನಾಗಿಯೇ ಆಗಿದ್ದರೂ ಆಹಾರ ಹೋಗದೆ ಸೊರಗಿ ಸಾಯುವ ರೋಗಿಗಳನ್ನು ಸ್ಟ್ಯಾನ್ಲಿ ಡ್ಯೂಡ್ರಿಕ್ ಎಂಬ ಯುವ ವೈದ್ಯ ನೋಡಿದ್ದರು. ಗುರು ಜೊನಾಥನ್ ರೋಡ್ಸ್ ಬೆನ್ನಿಗಿದ್ದರು. ಗಟ್ಟಿ ದ್ರಾವಣವನ್ನು ಹೃದಯದ ಪಕ್ಕದ ದೊಡ್ಡ ರಕ್ತನಾಳಕ್ಕೇ ಬಿಟ್ಟರು. ಅಲ್ಲಿ ರಕ್ತ ಜೋರಾಗಿ ಹರಿಯುವುದರಿಂದ ದ್ರಾವಣ ಕೂಡಲೇ ತೆಳುವಾಗುತ್ತದೆ. ಮೊದಲು ಬೀಗಲ್ ನಾಯಿಮರಿಗಳನ್ನು ತಿಂಗಳುಗಟ್ಟಲೆ ಹೀಗೇ ಬೆಳೆಸಿದರು. 1967ರಲ್ಲಿ ಫಿಲಡೆಲ್ಫಿಯಾದಲ್ಲಿ, ಸಣ್ಣ ಕರುಳಿನ ಬಹುಪಾಲು ಇಲ್ಲದಿದ್ದ ಒಂದು ಹಸುಗೂಸಿಗೆ ಕೊಟ್ಟರು. ಆ ಮಗು ಕೊನೆಗೆ ಉಳಿಯಲಿಲ್ಲ. ಆದರೆ ಕರುಳಿನ ನೆರವಿಲ್ಲದೆಯೂ ಅದರ ತೂಕ ಏರಿತ್ತು, ಮೈ ಬೆಳೆದಿತ್ತು. ಅದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಂದಿನ ಟಿಪಿಎನ್ ಚೀಲದಲ್ಲಿ ಗ್ಲೂಕೋಸ್, ಪ್ರೊಟೀನಿನ ಘಟಕಗಳಾದ ಅಮಿನೋ ಆಮ್ಲ, ಲವಣ, ವಿಟಮಿನ್ ಎಲ್ಲವೂ ಇರುತ್ತವೆ. ಸೋಯಾ ಎಣ್ಣೆಯನ್ನು ಮೊಟ್ಟೆಯಿಂದ ತೆಗೆದ ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಥ ವಸ್ತುವಿನ ಜೊತೆ ಕಡೆದು, ರಕ್ತಕ್ಕೆ ಸೇರಿಸಬಲ್ಲ ಕೊಬ್ಬನ್ನು ಮಾಡಿಕೊಟ್ಟವರು ಸ್ವೀಡನ್ನಿನ ಆರ್ವಿಡ್ ರೆಟ್‌ಲಿಂಡ್. ಚೀಲ ಹಾಲಿನಂತೆ ಬೆಳ್ಳಗೆ ಕಾಣುವುದು ಅದರಿಂದಲೇ.

ಎಲ್ಲರಿಗೂ ಇದು ಬೇಡ. ಕರುಳು ಕೆಲಸ ಮಾಡುತ್ತಿದ್ದರೆ ಬಾಯಿಂದ, ಆಗದಿದ್ದರೆ ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬಿನಿಂದ ಆಹಾರ ಕೊಡುವುದೇ ಮೇಲು. ಟಿಪಿಎನ್‌ಗೆ ಖರ್ಚು ಜಾಸ್ತಿ. ರಕ್ತನಾಳಕ್ಕೆ ಹಾಕಿದ ನಳಿಕೆಯಿಂದ ಸೋಂಕು ತಗಲಬಹುದು, ತಿಂಗಳುಗಟ್ಟಲೆ ಕೊಟ್ಟರೆ ಲಿವರ್ ಕೆಡಬಹುದು. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಪೂರ್ತಿ ಕೊಟ್ಟರಂತೂ ರಕ್ತದಲ್ಲಿನ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೇ ಅಪಾಯ. ಅದಕ್ಕೇ ವೈದ್ಯರು ಸ್ವಲ್ಪದಿಂದ ಶುರುಮಾಡಿ, ರಕ್ತಪರೀಕ್ಷೆ ನೋಡುತ್ತಾ ಏರಿಸುತ್ತಾರೆ. ತಡ ಮಾಡುತ್ತಿದ್ದಾರೆ ಎಂದು ಮನೆಯವರು ಕಂಗಾಲಾಗಬೇಕಿಲ್ಲ.

ಇದು ನಿಜಕ್ಕೂ ಬೇಕಾಗುವುದು ಕರುಳು ಕಟ್ಟಿಕೊಂಡಾಗ, ಸೋರುವಾಗ, ಇಲ್ಲವೇ ತೀರಾ ಮೊಟಕಾದಾಗ. ಕರುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ ಕೊಳೆತ ಭಾಗವನ್ನು ಕತ್ತರಿಸಲೇಬೇಕಾಗುತ್ತದೆ. ಉಳಿದ ಸಣ್ಣ ಕರುಳು 2 ಮೀಟರಿಗಿಂತ ಕಡಿಮೆ ಇದ್ದರೆ ಅದನ್ನು ಶಾರ್ಟ್ ಬವೆಲ್ ಎನ್ನುತ್ತಾರೆ. ಆ ತುಂಡು ಕರುಳೂ ಒಂದೆರಡು ವರ್ಷಗಳಲ್ಲಿ ಹಿಗ್ಗಿ, ಹೀರುವ ಶಕ್ತಿಯನ್ನು ಹೆಚ್ಚಿಸಿಕೊಳ್ಳಬಲ್ಲದು. ಹಾಗಾಗಲು ಅದರೊಳಗೆ ಆಹಾರ ಹಾಯಬೇಕು. ಅದಕ್ಕಾಗಿ ಇಂಥವರಿಗೆ ಟಿಪಿಎನ್ ನಡೆಯುತ್ತಿರುವಾಗಲೇ ಬಾಯಿಂದಲೂ ಸ್ವಲ್ಪ ಸ್ವಲ್ಪ ತಿನ್ನಿಸುತ್ತಾರೆ. ಕರುಳು ಚೇತರಿಸಿಕೊಂಡಷ್ಟೂ ಚೀಲವನ್ನು ಕಡಿಮೆ ಮಾಡುತ್ತಾ ಬರುತ್ತಾರೆ.